ಕಂಬಳಿ ಹೊದ್ದವನ ಕಾವಲು

“ಗುರುಗಳೇ, ಕಾವಲಿಗಿಟ್ಟವರೇ ಕಳ್ಳನ ಕಡೆ ಸೇರಿಕೊಂಡರೆ ಏನು ಮಾಡಬೇಕು?”

ಕೇಳಿದವಳು ವೈದ್ಯಶಾಸ್ತ್ರ ಕಲಿಯುತ್ತಿದ್ದ ಕಸ್ತೂರಿ. ಮೆದುಳಿನ ಗಡ್ಡೆಯ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೇರ ಅಲ್ಲಿಂದಲೇ ಬಂದಿದ್ದಳು. ರೋಗವನ್ನು ತಿಂದು ಮುಗಿಸಬೇಕಾದ ದೇಹದ ಕಾವಲು ಕೋಶಗಳು ಗಡ್ಡೆಯೊಳಗೇ ಬೀಡುಬಿಟ್ಟು ಅದನ್ನು ಸಾಕುತ್ತಿದ್ದವು. “ಈ ದ್ರೋಹಿಗಳನ್ನು ಮೊದಲು ಕೊಲ್ಲುವ ಮದ್ದು ಹುಡುಕುತ್ತೇನೆ” ಎಂದಳು. ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಗುರುಗಳು ನಕ್ಕು, ಅವಳನ್ನು ಕೂರಿಸಿ, ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಮಂದೆ ಹೋದರೆ ಅವನಿಗೆ ಬೀದಿಯೇ ಗತಿ. ಹಾಗಾಗಿ ಎರಡು ನಾಯಿ ಸಾಕಿದ್ದ. ಮರಿಗಳಿದ್ದಾಗಲೇ ಅವನ್ನು ತನ್ನ ಕಂಬಳಿಯಲ್ಲಿ ಮಲಗಿಸಿ ಬೆಳೆಸಿದ. ತಾನು ಹೋಗಲಾಗದ ದಿನ ಹೆಂಡತಿಯೋ ತಮ್ಮನೋ ಆ ಕಂಬಳಿ ಹೊದ್ದು ಹೋದರೆ ಆಯಿತು. ನಾಯಿಗಳ ಪಾಲಿಗೆ ಕಂಬಳಿ ಹೊದ್ದವರೇ ಒಡೆಯರು.

ಒಂದು ದಿನ ಅವನು ಕಂಬಳಿಯನ್ನು ಬೇಲಿಯ ಮೇಲೆ ಹಾಕಿ ಮದುವೆ ಊಟಕ್ಕೆ ಹೋದ. ಹೊಸ ಪಂಚೆ ಉಟ್ಟು ಮೈಗೆಲ್ಲ ಅತ್ತರು ಬಳಿದುಕೊಂಡು ಮದುಮಗನಿಗಿಂತ ಜೋರಾಗಿಯೇ ಹೋದ. ಮಧ್ಯಾಹ್ನ ಹೊಟ್ಟೆ ತುಂಬಿಸಿಕೊಂಡು ಬಂದು ನೋಡುತ್ತಾನೆ, ಕಳ್ಳನೊಬ್ಬ ಅದೇ ಕಂಬಳಿ ಹೊದ್ದು ಮಂದೆ ಹೊಡೆದುಕೊಂಡು ಹೊರಟಿದ್ದಾನೆ. ದಾರಿ ತಪ್ಪಿದ ಕುರಿಗಳನ್ನು ನಾಯಿಗಳೇ ಅಟ್ಟಿಕೊಡುತ್ತಿವೆ. ಅಡ್ಡ ಹೋದ ಕುರಿಗಾಹಿಯ ಹೊಸ ಪಂಚೆಯನ್ನು ಅವನ ನಾಯಿಗಳೇ ಹರಿದವು.

ಪಕ್ಕದಲ್ಲಿ ಕೊಕ್ಕೆ ಕಟ್ಟಿದ ಉದ್ದನೆಯ ದೋಟಿಯಿಂದ ಮರದ ಸೊಪ್ಪು ಎಳೆಯುತ್ತಿದ್ದ ರೈತ ಓಡಿಬಂದ. “ಮೊದ್ಲು ಈ ಹಾಳು ನಾಯಿಗಳನ್ನ ಬಡಿದುಹಾಕು!”

“ಇವನ್ನ ಕೊಂದ್ರೆ ನಾಳೆ ತೋಳ ಬಂದಾಗ ನೀನು ಬಂದು ಬೊಗಳ್ತೀಯೇನಣ್ಣ?” ಎಂದವನೇ ಕುರಿಗಾಹಿ ಅವನ ಕೈಯಿಂದ ದೋಟಿ ಕಿತ್ತುಕೊಂಡ. ದೂರದಿಂದಲೇ ಅದರ ಕೊಕ್ಕೆಯನ್ನು ಕಂಬಳಿಗೆ ಸಿಕ್ಕಿಸಿ ಎಳೆದ.

ಕಂಬಳಿ ಕೆಳಗೆ ಬಿತ್ತು. ನಾಯಿಗಳು ಕಳ್ಳನನ್ನು ಒಮ್ಮೆ ಮೂಸಿದವು, ಅಷ್ಟೆ. ಮರುಗಳಿಗೆಯಲ್ಲಿ ಅವನು ಜಾಲಿ ಮರದ ಮೇಲಿದ್ದ. ಮುಳ್ಳು ಚುಚ್ಚಿದ್ದು ಅವನಿಗೆ ಆಮೇಲೆ ಗೊತ್ತಾಗಿರಬೇಕು. ಮಂದೆಯಲ್ಲಿ ಒಂದು ಕುರಿಯೂ ಕಡಿಮೆಯಾಗಲಿಲ್ಲ.

ಕಸ್ತೂರಿ ಜೋರಾಗಿ ನಕ್ಕಳು. “ಅರ್ಥವಾಯಿತು ಗುರುಗಳೇ. ಗಡ್ಡೆ ಹೊದ್ದಿರುವ ನಮ್ಮದೇ ಮೈಯ ಗುರುತನ್ನು ಎಳೆದುಹಾಕುವ ಮದ್ದು ಹುಡುಕಬೇಕು. ಆಗ ಆ ದ್ರೋಹಿಗಳಿಗೂ ನಿಯತ್ತು ಮರಳಿ ಬರುತ್ತದೆ.”

ಗುರುಗಳೆಂದರು: “ಅವುಗಳ ನಿಯತ್ತು ಹೋಗಿದ್ದಾದರೂ ಯಾವಾಗ, ಮಗಳೇ?”