ಉಪ್ಪು ಉರಿಗೆ ಹಳದಿ ಕೊಟ್ಟದ್ದು

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಗಾಳಿಗೆ ಬೀಸುವುದು ಹೊಸದು, ಹೊಳೆಗೆ ಹರಿಯುವುದು ಹೊಸದು. ಬೆಂಕಿಗೆ ಇನ್ನೂ ಹಳದಿ ಬಣ್ಣ ಬಂದಿರಲಿಲ್ಲ. ತೆಳ್ಳಗೆ, ನೀಲಿಯಾಗಿ ಉರಿಯುತ್ತಿತ್ತು. ಹತ್ತಿರ ಹೋದರೆ ಬಿಸಿ, ದೂರದಿಂದ ನೋಡಿದರೆ ಏನೂ ಕಾಣದು.

ಕಡಲ ದಂಡೆಯಲ್ಲಿ ಹೊನ್ನಿ ಎಂಬ ಹೆಂಗಸಿದ್ದಳು. ಅವಳ ಗಂಡ ಬೀರ ದೋಣಿಯಲ್ಲಿ ಹೋಗಿ ಮೀನು ಹಿಡಿಯುತ್ತಿದ್ದ. ಹೊನ್ನಿ ಕಡಲ ನೀರನ್ನು ಬಿಸಿಲಿಗೆ ಕಟ್ಟಿ ನಿಲ್ಲಿಸಿ ಉಪ್ಪು ಮಾಡುತ್ತಿದ್ದಳು. ಮಳೆಗಾಲಕ್ಕೆ ಮೀನು ಒಣಗಿಸಿಡಲು ಆ ಉಪ್ಪೇ ಬೇಕು.

ಒಂದು ಬೆಳಿಗ್ಗೆ ಬೀರ ಕಡಲಿಗೆ ಹೋದ ಮೇಲೆ ಮಂಜು ಕವಿಯಿತು. ದಂಡೆ ಯಾವುದು, ಬಂಡೆ ಯಾವುದು ಒಂದೂ ತಿಳಿಯದು. ಬೀರನ ಕೂಗು ಒಮ್ಮೆ ಈ ಕಡೆಯಿಂದ ಕೇಳಿಸಿತು, ಒಮ್ಮೆ ಆ ಕಡೆಯಿಂದ. ಆಮೇಲೆ ಬಂಡೆಗಳ ಕಡೆಯಿಂದಲೇ ಕೇಳಿಸತೊಡಗಿತು.

ಮಂಜನ್ನು ಸರಿಸು ಎಂದು ಹೊನ್ನಿ ಗಾಳಿಯನ್ನು ಕೇಳಿದಳು. ಇಷ್ಟು ಮಂಜನ್ನು ಹೊರುವ ಕಸುವು ತನಗಿನ್ನೂ ಬಂದಿಲ್ಲ ಎಂದಿತು ಗಾಳಿ. ಬೀರನಿಗೆ ದಾರಿ ತೋರಿಸು ಎಂದು ಹೊಳೆಯನ್ನು ಕೇಳಿದಳು. ಕಡಲು ಸೇರಿದ ಮೇಲೆ ತನಗೇ ತನ್ನ ಗುರುತು ಸಿಗುವುದಿಲ್ಲ ಎಂದಿತು ಹೊಳೆ. ಕೊನೆಗೆ ದಂಡೆಯಲ್ಲಿ ಬೆಂಕಿ ಹಾಕಿ ಸೌದೆಯ ಮೇಲೆ ಸೌದೆ ಒಟ್ಟಿದಳು. ಬೆಂಕಿ, ಪಾಪ, ಆದಷ್ಟೂ ಎತ್ತರಕ್ಕೆ ಎದ್ದು ನಿಂತಿತು. ಆದರೆ ಅದರ ನೀಲಿ ಬಣ್ಣ ಮಂಜಿನಲ್ಲಿ ಕರಗಿಹೋಯಿತು.

ಆಗ ಪಕ್ಕದಲ್ಲಿದ್ದ ಉಪ್ಪಿನ ರಾಶಿ ಮಾತಾಡಿತು.

"ಹೊನ್ನಕ್ಕ, ನಮ್ಮನ್ನು ಬೆಂಕಿಗೆ ಹಾಕು."

ಹೊನ್ನಿ ಹಿಂಜರಿದಳು. ಬೇಸಿಗೆಯಿಡೀ ದುಡಿದು ಮಾಡಿದ ಉಪ್ಪು ಅದು. ಅದರಿಂದ ಏನಾದೀತು ಎಂದು ಕೇಳಿದಳು.

ಉಪ್ಪು ಬಿಡಿಸಿ ಹೇಳಿತು. ಅದರ ಹರಳಿನಲ್ಲಿ ಸೋಡಿಯಂ ಎಂಬ ಪರಮಾಣುಗಳಿವೆಯಂತೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದೊಂದು ಪರಮಾಣುವೂ ಮೆಟ್ಟಿಲುಗಳಿರುವ ಪುಟ್ಟ ಮನೆ. ಕೆಳಗಿನ ಮೆಟ್ಟಿಲಲ್ಲಿ ಎಲೆಕ್ಟ್ರಾನ್ ಎಂಬ ಪುಟಾಣಿ ಇರುತ್ತಾನೆ. ಬೆಂಕಿ ತಳ್ಳಿದರೆ ಮೇಲಿನ ಮೆಟ್ಟಿಲಿಗೆ ಹಾರುತ್ತಾನೆ. ನಡುವೆ ನಿಲ್ಲಲು ಜಾಗವಿಲ್ಲ. ಎಲ್ಲ ಬಣ್ಣಗಳೂ ಬೆರೆತಿರುವ ಬಿಸಿಲು ಬಂದರೂ ಅಷ್ಟೇ. ಅದರಲ್ಲಿನ ಕೆಂಪು, ಹಸಿರನ್ನು ಹೋಗಲು ಬಿಡುತ್ತಾನೆ. ಆ ಮೆಟ್ಟಿಲಿಗೆ ಸರಿಹೊಂದುವ ಹಳದಿಯನ್ನು ಮಾತ್ರ ನುಂಗಿ ಮೇಲೇರುತ್ತಾನೆ.

"ಮೇಲೆ ಹೋದವನು ಅಲ್ಲಿ ಉಳಿಯುವುದಿಲ್ಲ," ಎಂದಿತು ಉಪ್ಪು. "ಕಣ್ಣು ಮಿಟುಕಿಸುವುದರೊಳಗೆ ಇಳಿದುಬಿಡುತ್ತಾನೆ. ಇಳಿಯುವಾಗ, ಹತ್ತಲು ಪಡೆದದ್ದನ್ನೆಲ್ಲ ಹಳದಿ ಬೆಳಕಾಗಿ ಕೊಟ್ಟುಬಿಡುತ್ತಾನೆ. ತನಗೆಂದು ಚೂರೂ ಇಟ್ಟುಕೊಳ್ಳುವುದಿಲ್ಲ."

ಹೊನ್ನಿ ಮತ್ತೆ ಯೋಚಿಸಲಿಲ್ಲ. ಬೊಗಸೆ ಬೊಗಸೆಯಾಗಿ ಉಪ್ಪು ಎರಚಿದಳು.

ನೀಲಿ ಉರಿ ಒಮ್ಮೆಲೇ ಹಳದಿಯಾಯಿತು. ಲೆಕ್ಕವಿಲ್ಲದಷ್ಟು ಪುಟಾಣಿಗಳು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಮಂಜಿನೊಳಗೆ ಆ ಬಣ್ಣ ಅರಿಸಿನದ ಹಾಗೆ ಹರಡಿತು. ಬಂಡೆಯ ಹತ್ತಿರ ಹುಟ್ಟು ಹಾಕುತ್ತಿದ್ದ ಬೀರ ಅದನ್ನು ಕಂಡು ದೋಣಿ ತಿರುಗಿಸಿದ.

ದಂಡೆಗೆ ಬಂದವನು ಹೆಂಡತಿಯ ಕೈ ಹಿಡಿದುಕೊಂಡು, ಉರಿಗೆ ಈ ಬಣ್ಣ ಹೇಗೆ ಬಂತು ಎಂದು ಕೇಳಿದ. ಉಪ್ಪು ಹೇಳಿದ ಪುಟಾಣಿಗಳ ಸಂಗತಿಯನ್ನು ಹೊನ್ನಿ ತಿಳಿಸಿದಳು, ಮಳೆಗಾಲದ ಉಪ್ಪೆಲ್ಲ ಮುಗಿಯಿತು ಎಂದೂ ಮೆಲ್ಲಗೆ ಹೇಳಿದಳು.

"ಮತ್ತೆ ಮಾಡೋಣ," ಎಂದ ಬೀರ. "ಅಷ್ಟು ಸಣ್ಣವರು ಇಷ್ಟು ದೊಡ್ಡ ಕಡಲಿಗೆ ದಾರಿ ತೋರಿಸಿದರಲ್ಲ ಹೊನ್ನಿ."

ಈ ಬಣ್ಣ ತನಗೆ ಮುಂದೆಯೂ ಬೇಕು ಎಂದು ಬೆಂಕಿ ಉಪ್ಪನ್ನು ಕೇಳಿಕೊಂಡಿತು. ಉಪ್ಪು ಒಪ್ಪಿತು.

ಅದಕ್ಕೇ ನೋಡು ಮಗೂ, ಅಡುಗೆಮನೆಯಲ್ಲಿ ಸಾರು ಉಕ್ಕಿ ಗ್ಯಾಸ್ ಒಲೆಯ ನೀಲಿ ಉರಿಗೆ ಬಿದ್ದರೆ, ಅಲ್ಲಿ ಇವತ್ತಿಗೂ ಹಳದಿ ಬೆಳಕು ಫಕ್ಕನೆ ಏಳುತ್ತದೆ.