ಮಾಳಿಗೆಯ ಮಣ್ಣು

"ಗುರುಗಳೇ, ಮಠದ ಮೂಡಲ ಕೋಣೆ ನನ್ನದು. ಐದು ವರ್ಷ ದೇಶ ಸುತ್ತಿ ಬರುವಷ್ಟರಲ್ಲಿ ಯಾರೋ ಹೊಸಬ ಗೋಡೆಗೆ ಸುಣ್ಣ ಬಳಿದುಕೊಂಡು, ತನ್ನದೇ ಎಂಬಂತೆ ಕೂತಿದ್ದಾನೆ. ಅವನನ್ನು ಎಬ್ಬಿಸುವುದು ನ್ಯಾಯವೋ, ಅಲ್ಲವೋ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ತೆಗೆದರು.

ಬಯಲುಸೀಮೆಯಲ್ಲಿ ಒಬ್ಬ ಗಾಡಿಕಾರನಿದ್ದ. ಒಂದು ಕಡೆ ಕಾಲು ಊರದವನು. ಅಪ್ಪ ಸತ್ತ ವರ್ಷ ಮನೆಗೆ ಬೀಗ ಜಡಿದು ಹೋದವನು ಒಂಬತ್ತು ವರ್ಷ ಇತ್ತ ತಲೆ ಹಾಕಲಿಲ್ಲ. ಒಂದು ದಿನ ಘಾಟಿಯಲ್ಲಿ ಎತ್ತುಗಳು ಜಾರಿ, ಗಾಡಿ ಸಮೇತ ಕಮರಿಗೆ ಬಿದ್ದವು. ಆಗ ಮನೆ ನೆನಪಾಯಿತು. ಅದನ್ನು ಮಾರಿದರೆ ಮತ್ತೆ ಗಾಡಿ, ಮತ್ತೆ ದಾರಿ. ಇಲ್ಲವಾದರೆ ಕಂಡವರ ಹೊಲದಲ್ಲಿ ಕೂಲಿ.

ಕೊಳ್ಳಲು ಒಬ್ಬ ವ್ಯಾಪಾರಿ ಸಿಕ್ಕಿದ. "ಅಮಾವಾಸ್ಯೆಯ ಮಾರನೆಯ ದಿನ ಬರುತ್ತೇನೆ. ಮನೆ ಖಾಲಿ ಇರಬೇಕು. ಒಳಗೆ ಯಾರಾದರೂ ಕೆಮ್ಮಿದ್ದು ಕೇಳಿದರೂ ಬಂದ ದಾರಿ ಹಿಡಿಯುತ್ತೇನೆ" ಎಂದ.

ಅಮಾವಾಸ್ಯೆಗೆ ನಾಲ್ಕು ದಿನವಿದೆ ಎನ್ನುವಾಗ ಗಾಡಿಕಾರ ಊರು ಮುಟ್ಟಿದ. ಬಾಗಿಲಲ್ಲಿ ಬೀಗವಿರಲಿಲ್ಲ. ಪಡಸಾಲೆಯಲ್ಲಿ ಮಗ್ಗ ಹೂಡಿತ್ತು. ಕಂಬಳಿ ನೇಯುವ ಮುದುಕಿ, ಅವಳ ಇಬ್ಬರು ಮಕ್ಕಳು, ಸೊಸೆಯಂದಿರು. ಅವನು ಹೋದ ವರ್ಷವೇ, ಒಂದು ಮಳೆಗಾಲ ತಂಗಲೆಂದು ಬೀಗ ಮುರಿದು ಹೊಕ್ಕವರು ಅಲ್ಲೇ ಬೇರುಬಿಟ್ಟಿದ್ದರು.

ಅವನು ಊರ ಹಿರಿಯರನ್ನು ಕರೆತಂದು ಕಾಗದ ತೋರಿಸಿದ. ಮನೆ ನಿನ್ನದೇ ಎಂದು ಅವರು ಒಪ್ಪಿದರು. ಮುದುಕಿಯೂ ಎದುರಾಡಲಿಲ್ಲ.

"ಹೋಗುತ್ತೇವೆ ತಮ್ಮಾ. ಈ ಮಳೆಗಾಲವೊಂದು ಕಳೆಯಲಿ."

"ನಾಳೆ ಹೊತ್ತು ಮುಳುಗುವುದರೊಳಗೆ ಹೋಗಬೇಕು" ಎಂದ ಗಾಡಿಕಾರ. ಬಿಟ್ಟು ಹೋಗುವವರ ವಸ್ತು ಉಳಿದರೆ ಅವರ ಹಕ್ಕೂ ಉಳಿಯುತ್ತದೆ ಎಂಬುದು ಆ ಸೀಮೆಯ ಪದ್ಧತಿ. ಅವನಿಗೆ ಅದೇ ಅಂಜಿಕೆ. "ಹಿರಿಯರ ಮುಂದೆ ಹೇಳುತ್ತಿದ್ದೇನೆ. ನೀವು ತಂದದ್ದು ಒಂದೂ ಇಲ್ಲಿ ಇರಕೂಡದು."

"ತಂದದ್ದೆಲ್ಲ ಒಯ್ಯಬೇಕೇ?"

"ಕಿವಿ ಮಂದವೇನಜ್ಜಿ? ಎಲ್ಲ ಅಂದರೆ ಎಲ್ಲ."



ಮಾರನೆಯ ಬೆಳಗ್ಗೆ ಮಗ್ಗ ಹೋಯಿತು. ಮಡಕೆಗಳು ಹೋದವು. ಗಾಡಿಕಾರ ಹಿರಿಯರ ಜೊತೆ ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ಕಣ್ಣಿಟ್ಟು ನೋಡಿದ. ಪಡುವಣದಲ್ಲಿ ಮೋಡ ಕಟ್ಟಿತ್ತು. ಆಮೇಲೆ ಮಕ್ಕಳಿಬ್ಬರೂ ಸಲಿಕೆ, ಬುಟ್ಟಿ ಹಿಡಿದು ಮಾಳಿಗೆ ಹತ್ತಿದರು.

ಅಲ್ಲಿಯ ಮನೆಗಳದ್ದು ಮಣ್ಣಿನ ಮಾಳಿಗೆ, ಜಂತಿಗಳ ಮೇಲೆ ಮಣ್ಣು ಹಾಸಿದ ಸೂರು. ಪ್ರತಿ ಬೇಸಿಗೆ ಹಳ್ಳದ ದಂಡೆಯಿಂದ ನೀರು ಇಳಿಯಗೊಡದ ಸವಳು ಮಣ್ಣು ಹೊತ್ತು ತಂದು ಮೇಲೆ ಹಾಸಬೇಕು. ಎರಡು ವರ್ಷ ಮರೆತರೆ ಮಳೆ ಒಳಗೇ ಸುರಿಯುತ್ತದೆ. ಗಾಡಿಕಾರ ಒಂಬತ್ತು ವರ್ಷ ಮರೆತಿದ್ದ.

"ಏಯ್, ಏನು ಮಾಡುತ್ತಿದ್ದೀರಿ?"

"ತಂದದ್ದನ್ನು ಒಯ್ಯುತ್ತಿದ್ದೇವೆ" ಎಂದಳು ಮುದುಕಿ. "ಒಂಬತ್ತು ಬೇಸಿಗೆಯ ಮಣ್ಣು. ಬಿಟ್ಟು ಹೋಗಿ ಅನ್ನು, ಬಿಟ್ಟು ಹೋಗುತ್ತೇವೆ."

ಹಿರಿಯರು ಅವನ ಮುಖ ನೋಡಿದರು. ಬಿಡಿ ಎಂದರೆ ಹಕ್ಕು ಉಳಿಯುತ್ತದೆ. ಒಯ್ಯಿರಿ ಎಂದರೆ ಮೋಡ ಕಾಯುವುದಿಲ್ಲ. ಇನ್ನೊಂದು ಬುಟ್ಟಿ ಇಳಿಯಲಿ, ಹೇಳುತ್ತೇನೆ ಎಂದುಕೊಂಡ. ಆ ಬುಟ್ಟಿ ಇಳಿಯಿತು. ಗುಡುಗಿತು. ಇನ್ನೊಂದು ಇಳಿಯಲಿ ಎಂದುಕೊಂಡ. ಹೊತ್ತು ಇಳಿಯುವವರೆಗೂ ಅವನು ಬಾಯಿ ಬಿಡಲಿಲ್ಲ.

ಸಂಜೆ ಸಲಿಕೆ ನಿಂತಿತು. "ಇದರ ಕೆಳಗಿನದು ನಿಮ್ಮಪ್ಪ ಹಾಕಿದ್ದು. ಅದನ್ನು ಮುಟ್ಟುವುದಿಲ್ಲ" ಎಂದು ಹಿರಿಮಗ ಇಳಿದುಬಂದ. ಅಪ್ಪನ ಮಣ್ಣು ಬೆರಳು ದಪ್ಪವಿತ್ತು. ಅಲ್ಲಲ್ಲಿ ಬಿರಿದಿತ್ತು.

ಅವರು ಊರ ಗಡಿ ದಾಟುವ ಮೊದಲೇ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ.

ಹೇಳಿದ ದಿನ ವ್ಯಾಪಾರಿ ಬಂದ. ಪಡಸಾಲೆಯಲ್ಲಿ ನಿಂತು ತಲೆ ಎತ್ತಿದ. ಮುರಿದ ಜಂತಿಗಳ ನಡುವೆ ಆಕಾಶ ಕಾಣುತ್ತಿತ್ತು. ಮನೆಯೊಳಗೆ ಕೆಮ್ಮುತ್ತಿದ್ದವನು ಗಾಡಿಕಾರ ಒಬ್ಬನೇ. ವ್ಯಾಪಾರಿ ಬಂದ ದಾರಿ ಹಿಡಿದ.

"ಆದರೂ ಗುರುಗಳೇ, ಮನೆ ಅವನದೇ ಅಲ್ಲವೇ?" ಎಂದ ಶಿಷ್ಯ.

"ಅವನದೇ. ಕೋಣೆಯೂ ನಿನ್ನದೇ; ಈಗಲೇ ಎಬ್ಬಿಸುತ್ತೇನೆ, ಹೋಗುವಾಗ ಆ ಹೊಸಬ ಏನೇನು ಒಯ್ಯಬೇಕು, ನೀನೇ ಹೇಳು" ಎಂದರು ಗುರುಗಳು.

ಶಿಷ್ಯ ತಲೆ ಎತ್ತಿ ಮಠದ ಮೂಡಲ ಕೋಣೆಯ ಮಾಳಿಗೆ ನೋಡಿದ.