ಆಟವಿಲ್ಲದ ಕೀಲು

ಹೊಳೆದಂಡೆಯ ಮೌನೇಶಪ್ಪ ಮೇಸ್ತ್ರಿಯ ಗ್ಯಾರೇಜಿಗೆ ಬಾಗಿಲೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಮೇಸ್ತ್ರಿಗೆ ಮಾತೂ ಅಷ್ಟಕ್ಕಷ್ಟೇ. ಇದ್ದೊಬ್ಬ ಶಿಷ್ಯ ದ್ಯಾಮಣ್ಣ.

ಈ ದ್ಯಾಮಣ್ಣ ತನಗೇ ಅಂತ ಒಂದು ಕಾರು ಕಟ್ಟುತ್ತಿದ್ದ. ಮೈ ಒಂದು ಜೀಪಿನದು, ಎಂಜಿನ್ನು ಯಾವುದೋ ವ್ಯಾನಿನದು, ಸ್ಟೇರಿಂಗು ಮೇಸ್ತ್ರಿಯ ಹಳೇ ಕಾರಿನಂಥದೇ ಇನ್ನೊಂದರದು. ಹತ್ತು ಮನೆಯ ಹಿಟ್ಟು ಕೂಡಿಸಿ ರೊಟ್ಟಿ ಬಡಿದ ಹಾಗೆ.

ಎಲ್ಲಿಗೆ ಹೋಗಾಕಪ್ಪಾ ಈ ಕಾರು ಅಂದರೆ ಬರೀ ನಗು. ಎಲ್ಲಿಗೆ ಅನ್ನೋದು ಊರಿಗೆ ಬೇಕಿರಲಿಲ್ಲ. ಯಾರ ಜೋಡಿ ಅನ್ನೋದು ಗೊತ್ತಿತ್ತಲ್ಲ!

ಮಧ್ಯಾಹ್ನದ ಬುತ್ತಿ ತರುತ್ತಿದ್ದವಳು ಮೇಸ್ತ್ರಿಯ ಹೆಂಡತಿ ಕಸ್ತೂರಿ. ವಯಸ್ಸಿನಲ್ಲಿ ಗಂಡನಿಗಿಂತ ಶಿಷ್ಯನಿಗೇ ಹತ್ತಿರ. ಮೊದಮೊದಲು "ಅಕ್ಕಾರ, ಅಕ್ಕಾರ" ಅಂತಿದ್ದ ದ್ಯಾಮಣ್ಣನ ಬಾಯಿ, ದಸರೆಯಿಂದೀಚೆಗೆ ಅವಳನ್ನು ಏನಂತಲೂ ಕರೆಯುತ್ತಿರಲಿಲ್ಲ. ಕರೆಯದ ಬಾಯಿಗೇ ಊರು ಕಿವಿ ಕೊಡೋದು. ಮೊಸರಿನ ಕೆನೆ ಯಾರ ಗಂಗಾಳಕ್ಕೆ ಬೀಳುತ್ತೆ ಅಂತ ಹೊಳೆಗೆ ಬಟ್ಟೆ ಒಗೆಯಲು ಬಂದ ಹೆಂಗಸರೆಲ್ಲ ಕಂಡಿದ್ದರು.

ಮೇಸ್ತ್ರಿಯೊಬ್ಬನೇ ಕಂಡಿಲ್ಲ ಅಂತ ದ್ಯಾಮಣ್ಣ ನಂಬಿದ್ದ. ಕಣ್ಣು ಮುಚ್ಚಿ ಹಾಲು ಕುಡಿಯೋ ಬೆಕ್ಕಿನ ನಂಬಿಕೆ.

ಕಾರಿಗೆ ಉಳಿದದ್ದು ಒಂದೇ ಕೆಲಸ. ಸ್ಟೇರಿಂಗಿನ ಸರಳು ಒಂದು ದಿಕ್ಕು, ಚಕ್ರ ಹೊರಳಿಸೋ ಪೆಟ್ಟಿಗೆ ಇನ್ನೊಂದು ದಿಕ್ಕು. ನಡುವೆ ಕೀಲು ಹಾಕಿ ಕೂಡಿಸಬೇಕು. ಗುಜರಿಯಲ್ಲಿ ಹೊಳೆಯೋದನ್ನೇ ಆರಿಸಿ ತಂದ. ಅದರ ಹಲ್ಲು ಸರಳಿನ ಹಲ್ಲಿಗೆ ಕೂರಲಿಲ್ಲ. ಇನ್ನೊಂದು ಹುಡುಕೋಣ ಅಂದರೆ, ಶುಕ್ರವಾರ ನಸುಕಿಗೆ ಹೊರಡೋದು ಅಂತ ಅವನಿಗೂ ಕಸ್ತೂರಿಗೂ ಮಾತಾಗಿಹೋಗಿತ್ತು.

ಬೆಸುಗೆ ಹಾಕಿಬಿಟ್ಟ.

ಗುರುವಾರ ಸಂಜೆ ಮೇಸ್ತ್ರಿ ಬಂದು ನಿಂತ.

"ಬೆಸುಗಿ ಹಾಕಿಯೇನು?"

"ಹೂಂರೀ ಗುರುಗಳೆ. ಗಟ್ಟಿ ಹಿಡದೈತಿ."

"ಹಿಡಿಯೋದು ಬ್ಯಾರೆ, ಕೂಡೋದು ಬ್ಯಾರೆ. ಕೆಳಗ ಹೋಗು. ನಾ ತಿರುವತೀನಿ, ನೀ ನೋಡು."

ದ್ಯಾಮಣ್ಣ ಅಂಗಾತ ಮಲಗಿ ಕಾರಿನಡಿ ಸರಿದ. ಮೇಲೆ ಸ್ಟೇರಿಂಗು ತಿರುಗಿತು. ಕೀಲು ಸಡಿಲಾಗಿ ಅಲುಗಿ ಟಕ್ಕಂತು. ಅದರಾಚೆಯ ಸರಳು ಮಿಸುಕಲಿಲ್ಲ.

"ಏನ್ ಕಂಡಿ?"

"ಒಂಚೂರು ಆಟ ಐತ್ರಿ."

"ಯಾವಾಗಿಂದ?"

ದ್ಯಾಮಣ್ಣನಿಗೆ ಇಡೀ ಕಾರು ಎದೆ ಮೇಲೆ ಕೂತಂತಾಯಿತು.

"ಮೊದಲಿಂದಾನೂ... ಇತ್ತೇನೋ ಗುರುಗಳೆ."

"ಮೊದಲ ಇರಲಿಲ್ಲ," ಅಂದ ಮೇಸ್ತ್ರಿ.

ಹೊರಗೆ ಬರಲು ದ್ಯಾಮಣ್ಣನಿಗೆ ಧೈರ್ಯ ಸಾಲಲಿಲ್ಲ. ಮಲಗಿದಲ್ಲಿಂದ ಮೇಸ್ತ್ರಿಯ ಪಾದಗಳಷ್ಟೇ ಕಾಣುತ್ತಿದ್ದವು. ಅವು ನಿಧಾನಕ್ಕೆ ತಗಡಿನ ಶೆಡ್ಡಿನತ್ತ ಹೋದವು. ಅಲ್ಲಿದ್ದದ್ದು ಮೇಸ್ತ್ರಿಯ ಹಳೇ ಕಾರು, ಮದುವೆಯ ದಿನ ಕಸ್ತೂರಿಯನ್ನು ಕೂರಿಸಿಕೊಂಡು ಬಂದದ್ದು. ಬಹಳ ಹೊತ್ತು ನಟ್ಟು ಬಿಚ್ಚೋ ಪಾನೆಯ ಸದ್ದು ಬಂತು.

ಪಾದಗಳು ಮರಳಿದಾಗ ದ್ಯಾಮಣ್ಣ ಕೊನೆಗೂ ಹೊರಗೆ ಸರಿದ. ಮೇಸ್ತ್ರಿಯ ಕೈಯಲ್ಲಿ ಆ ಕಾರಿನ ಕೀಲು, ಸರಳಿನ ಸಮೇತ.

"ನಿಮ್ಮ ಗಾಡಿ...?"

"ಅದು ಇನ್ನ ಎಲ್ಲಿಗೂ ಹೋಗೂದಿಲ್ಲ."

ಬೆಸೆದದ್ದನ್ನು ಮೇಸ್ತ್ರಿ ಕೊಯ್ದು ಎಸೆದ. ತನ್ನದನ್ನು ಕೂರಿಸಿದ. ಹಲ್ಲಿಗೆ ಹಲ್ಲು ಕಚ್ಚಿತು. ಬೋಲ್ಟು ಬಿಗಿದು, ಮತ್ತೊಂದು ಸಲ ಬಿಗಿದ.

"ಈಗ ನೀ ತಿರುವು."

ಬೆರಳು ತಾಗಿದಷ್ಟಕ್ಕೇ ಚಕ್ರ ಹೊರಳಿತು.

"ಆಟ?"

"ಇಲ್ರಿ."

ದ್ಯಾಮಣ್ಣ ಸ್ಟೇರಿಂಗಿಗೆ ಹಣೆ ಹಚ್ಚಿದ. ಬೈದಿದ್ದರೆ, ಪಾನೆಯಿಂದ ತಲೆ ಒಡೆದಿದ್ದರೆ, ಸಮಾಧಾನ ಇರುತ್ತಿತ್ತು.

"ಗುರುಗಳೆ, ಗೊತ್ತಿದ್ದೂ ಇದನ್ಯಾಕ ನನಗ..."

ಮೇಸ್ತ್ರಿ ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೊಳೆಯ ಕಡೆ ಮುಖ ಮಾಡಿದ.

"ತಿರುವಿನ್ಯಾಗ ಸಾವಕಾಶ ಹೋಗು. ಆಕಿಗೆ ತಲಿ ತಿರುಗತೈತಿ."